ಹುಳ ಮುಟ್ಟಿ ಸತ್ತವನ ಫಾರಂ

ಸತ್ತವರ ಮನೆಗೆ ಹೋಗಿ, ಹೇಗೆ ಸತ್ತರು ಎಂದು ಕೇಳಿ ಬರೆದುಕೊಂಡು ಬರುವುದು ನನ್ನ ಕೆಲಸ. ಮದುವೆ ಮನೆಯಲ್ಲಿ ಯಾರಾದರೂ ‘ನೀವೇನು ಮಾಡ್ತೀರಿ’ ಎಂದರೆ ‘ಸರ್ವೆ’ ಎಂದಷ್ಟೇ ಹೇಳಿ ಊಟದ ಕಡೆ ತಿರುಗಿಬಿಡುತ್ತೇನೆ. ನಿಜ ಹೇಳಿದ ಒಂದೆರಡು ಸಲ ಪಕ್ಕದಲ್ಲಿದ್ದವರು ಎದ್ದು ಬೇರೆ ಕುರ್ಚಿಗೆ ಹೋಗಿದ್ದಾರೆ.

ಆಸ್ಪತ್ರೆಯಲ್ಲಿ ಸತ್ತವರಿಗೆ ವೈದ್ಯರು ಕಾರಣ ಬರೆದುಕೊಡುತ್ತಾರೆ. ಮನೆಯಲ್ಲೋ ಹೊಲದಲ್ಲೋ ದಾರಿಯಲ್ಲೋ ಜೀವ ಬಿಟ್ಟವರಿಗೆ ಬರೆಯುವವರು ಯಾರೂ ಇಲ್ಲ. ಕಾಲಂ ಖಾಲಿ ಬಿಡಬಾರದಲ್ಲ ಎಂದು ಯಾರೋ ‘ಹಾರ್ಟ್ ಅಟ್ಯಾಕ್’ ಎಂದು ತುಂಬಿರುತ್ತಾರೆ. ಮುದುಕರಾಗಿದ್ದರೆ ‘ವಯೋಸಹಜ’. ದೇಶದಲ್ಲಿ ಯಾವುದರಿಂದ ಎಷ್ಟು ಜನ ಸಾಯುತ್ತಾರೆ ಎಂಬ ಲೆಕ್ಕ ಇಂಥ ಕಾಲಂಗಳ ಮೇಲೆ ನಿಂತರೆ ಅದನ್ನು ನಂಬುವುದು ಹೇಗೆ? ಅದಕ್ಕೇ ಆಯ್ದ ಊರುಗಳಿಗೆ ನಮ್ಮಂಥವರನ್ನು ಕಳಿಸುತ್ತಾರೆ. ತಿಥಿಯೆಲ್ಲ ಮುಗಿದು ಮನೆಯವರು ಒಂದಿಷ್ಟು ಸುಧಾರಿಸಿಕೊಂಡ ಮೇಲೆ, ಕೊನೆಗಳಿಗೆಯಲ್ಲಿ ಜೊತೆಗಿದ್ದವರನ್ನು ಕೂರಿಸಿಕೊಂಡು ಮಾತಾಡಬೇಕು. ಫಾರಂನ ಮೊದಲ ಭಾಗ ಹೌದು-ಇಲ್ಲದ ಪ್ರಶ್ನೆಗಳು: ಜ್ವರ ಇತ್ತೇ, ಎಷ್ಟು ದಿನ, ಕೆಮ್ಮಿತ್ತೇ, ಗಾಯವಾಗಿತ್ತೇ. ಎರಡನೆಯದು ಖಾಲಿ ಹಾಳೆ. ಅಲ್ಲಿ ಮನೆಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕು. ಆಮೇಲೆ ಇಬ್ಬರು ವೈದ್ಯರು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ, ಅದೇ ಫಾರಂ ಓದಿ ಸಾವಿನ ಕಾರಣ ಗೊತ್ತುಮಾಡುತ್ತಾರೆ. ಇಬ್ಬರದೂ ಒಂದೇ ಆದರೆ ಸರಿ. ಬೇರೆಯಾದರೆ ಮೂರನೆಯ ವೈದ್ಯರ ಮೇಜಿಗೆ ಹೋಗುತ್ತದೆ.

ತರಬೇತಿಯಲ್ಲಿ ನಮ್ಮ ತಲೆಗೆ ಹತ್ತುವವರೆಗೂ ಹೇಳಿದ್ದು ಒಂದೇ ಮಾತು. ಅವರ ಮಾತನ್ನು ತಿದ್ದಬೇಡಿ. ನಾನು ತಿದ್ದಿದೆ.

ನನ್ನ ಬಗ್ಗೆ ಎರಡು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು, ನಾನು ಹುಟ್ಟಾ ಪುಕ್ಕಲಿ. ನಾಯಿ, ಬಾವಿ, ಮೇಲಧಿಕಾರಿ, ಮೂರಕ್ಕೂ ಹೆದರುತ್ತೇನೆ. ಎರಡು, ನಾನು ರಾಮನಗರದ ರೇಷ್ಮೆ ನೂಲು ಬಿಚ್ಚುವವರ ಮಗಳು. ಮನೆಮಾತು ಉರ್ದು, ಕನ್ನಡ ಶಾಲೆಯಲ್ಲಿ ಕಲಿತದ್ದು. ಗೂಡು ಬೇಯುವ ಹಬೆಯಲ್ಲೇ ಬೆಳೆದವಳು. ಅಬ್ಬಾ, ಅಂದರೆ ನಮ್ಮಪ್ಪ, ವರ್ಷಾನುಗಟ್ಟಲೆ ಆ ಹಬೆ ಕುಡಿದು ಕೊನೆಗೆ ಉಬ್ಬಸಕ್ಕೆ ಸಿಕ್ಕಿಕೊಂಡರು. ಚಳಿಗಾಲದ ಬೆಳಗಿನಲ್ಲಿ ಅವರು ಗೋಡೆ ಹಿಡಿದು ಉಸಿರು ಎಳೆದುಕೊಳ್ಳುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಮ್ಮ ಬೀದಿಯಲ್ಲಿ ಹುಳ ಎಂದರೆ ಒಂದೇ ಹುಳ, ರೇಷ್ಮೆಯದು.

ಆ ಮನೆ ಕನಕಪುರ ತಾಲೂಕಿನ ಕಾಡಂಚಿನ ಊರಿನಲ್ಲಿತ್ತು. ಸತ್ತವನಿಗೆ ಮೂವತ್ತರ ಆಸುಪಾಸು. ಮನೆಯಲ್ಲಿ ಉಳಿದವರು ಅವನ ತಾಯಿ ಮತ್ತು ಹೆಂಡತಿ. ತಾಯಿ ಜಗಲಿಯ ಮೇಲೆ ಕೂತು ಎಲೆಯಡಿಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅದನ್ನು ಬಿಚ್ಚದೆ, ನನಗೆ ಉತ್ತರ ಕೊಡುತ್ತಿದ್ದಳು. ಮನೆಯ ಹಿಂದೆ ಶೀಟು ಹೊದಿಸಿದ, ರೇಷ್ಮೆ ಸಾಕುವ ಹುಳು ಮನೆ. ಮಗ ಅಲ್ಲೇ ನೆಲಕ್ಕೆ ಚಾಪೆ ಹಾಸಿಕೊಂಡು ಮಲಗುತ್ತಿದ್ದನಂತೆ.

“ಜ್ವರ ಇತ್ತಾ ಅಜ್ಜಿ?”

“ನಾಕನೇ ಜ್ವರ ಎದ್ದು ಎಲ್ಡ್ ದಿನ ಆಗಿತ್ತು.”

ನನಗೆ ಒಳಗೊಳಗೇ ನಗು ಬಂತು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇಯದೆ ತಲೆಯೆತ್ತಿ ಸುಮ್ಮನಿರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದರೆ ಹುಳು ದೊಡ್ಡದು, ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಅಜ್ಜಿ ಹೇಳಿದ್ದು ಮಗನ ಜ್ವರ ಅಲ್ಲ, ಹುಳುವಿನದು. ಬೆಂಗಳೂರಿನಿಂದ ಬಂದ ಹುಡುಗಿಯಾಗಿದ್ದರೆ ‘ಜ್ವರ ಇತ್ತು, ಎರಡು ದಿನ’ ಎಂದು ಗುರುತು ಹಾಕಿಕೊಂಡು ಹೋಗುತ್ತಿದ್ದಳು. ನಾನು ‘ಇಲ್ಲ’ಕ್ಕೆ ಹಾಕಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗಾಯದ ಪ್ರಶ್ನೆಗಳು ಬಂದವು. ಫಾರಂನಲ್ಲಿ ಅವು ಬೇರೆ ಬೇರೆ ಸಾಲುಗಳು. ಬಿದ್ದಿದ್ದನೇ, ಸುಟ್ಟುಕೊಂಡಿದ್ದನೇ, ನಾಯಿ ಕಚ್ಚಿತ್ತೇ, ಹಾವು ಕಚ್ಚಿತ್ತೇ, ಹೀಗೆ. ಮಗನನ್ನು ಕಳೆದುಕೊಂಡ ಹೆಂಗಸಿನ ಮುಂದೆ ಕೂತು ಅದನ್ನೆಲ್ಲ ಒಂದೊಂದಾಗಿ ಓದುವುದು ನನಗೆ ಯಾವತ್ತೂ ಹಿಂಸೆ. ಎಲ್ಲವನ್ನೂ ಸೇರಿಸಿ ಒಂದೇ ಉಸಿರಿಗೆ ಕೇಳಿದೆ.

“ಏಟುಗೀಟು, ಕಡಿತಗಿಡಿತ ಏನಾದ್ರೂ ಆಗಿತ್ತಾ?”

“ಮೈಮ್ಯಾಲೆ ಒಂದ್ ಗೀರೂ ಇರ್ನಿಲ್ಲ ಕಣವ್ವ.”

ಸಾಲಾಗಿ ‘ಇಲ್ಲ’ ಗುರುತು ಹಾಕಿದೆ. ಆಮೇಲೆ ಖಾಲಿ ಹಾಳೆ ತೆಗೆದು, ನಡೆದದ್ದು ಹೇಳಿ ಎಂದೆ.

“ಕೋಳಿ ಕೂಗೋ ವೊತ್ಗೆ ಎದ್ ಬಂದು ವೊಟ್ಟೆನೋವು ಅಂದ. ಗ್ಯಾಸು ಅಂದ್ಕೊಂಡು ಸೋಡಾ ಕುಡುಸ್ದೊ. ಒಸಿ ವೊತ್ಗೆ ರೆಪ್ಪೆ ಎತ್ತಾಕೇ ಆಗ್ನಿಲ್ಲ, ನಾಲ್ಗೆ ತೊದುಲ್ತು. ಉಸ್ರು ಎಳ್ಕಳಾಕೆ ಒದ್ದಾಡ್ದ. ಬೇರು ಅರ್ದು ಕುಡುಸುದ್ರು. ಕಾರ್ ಮಾಡ್ಕೊಂಡು ವೊಂಟೊ, ದಾರೀಲೇ ವೋಗ್ಬುಟ್ಟ. ಉಳ ಮುಟ್ಬುಡ್ತು ಕಣವ್ವ ನನ್ ಮಗುನ್ನ, ಉಳ ಮುಟ್ಬುಡ್ತು.”

ನಮ್ಮ ಕಡೆ ಹಳ್ಳಿಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಉಳ ಎಂದರೆ ಹುಳ. ಹುಳ ಎಂದೊಡನೆ ನನಗೆ ಅಬ್ಬಾ ಗೋಡೆ ಹಿಡಿದು ನಿಂತದ್ದು ಕಣ್ಣಿಗೆ ಬಂತು. ಹುಳುವಿನ ಧೂಳು, ಹಿಕ್ಕೆಯ ವಾಸನೆ ಕೆಲವರ ಎದೆಗೆ ಆಗಿಬರುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಉಬ್ಬಸಕ್ಕೆ ಬೇರು ಅರೆದು ಕುಡಿಸುವುದೂ ಹೊಸದಲ್ಲ. ಎಲ್ಲವೂ ಕೂಡಿಬಂದ ಹಾಗೆ ಕಂಡಿತು. ಹೊಟ್ಟೆನೋವು, ರೆಪ್ಪೆ ಇವೆರಡು ಮಾತ್ರ ಒಸಿ ಆಚೆ ನಿಂತವು, ಆದರೂ ಅವನ್ನೂ ಬರೆದುಕೊಂಡೆ. ಅಷ್ಟರಮಟ್ಟಿಗೆ ನಿಯತ್ತಿತ್ತು.

ಹೊರಡುವಾಗ ಸೊಸೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದಳು. ಓದಿದವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು.

“ಈಗ ಹುಳು ಮನೇಲಿ ರಾತ್ರಿ ಯಾರು ಮಲಗ್ತೀರಿ?” ಎಂದು ಕೇಳಿದೆ.

“ನಾನೇ ಅಕ್ಕ. ನಡುರಾತ್ರಿ ಒಂದ್ ಸಲ ಸೊಪ್ಪು ಆಕ್ಬೇಕಲ್ಲ.”

ನಾವು ಹೋದ ಮನೆಯಲ್ಲಿ ಸಲಹೆ ಕೊಡಕೂಡದು ಎಂಬ ನಿಯಮವಿದೆ. ಅವಳ ಮುಖ ನೋಡಿ ಮನಸ್ಸು ತಡೆಯಲಿಲ್ಲ. “ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಲಗಮ್ಮ, ಧೂಳು ಎದೆಗೆ ಹೋಗಬಾರದು” ಎಂದೆ. ಅವಳು ಆಗಲಿ ಎಂದು ತಲೆಯಾಡಿಸಿದಳು.

ಮನೆಗೆ ಬಂದು ಫಾರಂ ನೀಟಾಗಿ ಬರೆದೆ. ಅಜ್ಜಿಯ ಮಾತು ನನ್ನ ಕಿವಿಗೆ ಒರಟಾಗಿ ಕೇಳಿತ್ತು. ಶಾಲೆಯಲ್ಲಿ ಕಲಿತ ಕನ್ನಡದ ಮೇಲೆ ನನಗೆ ಸ್ವಲ್ಪ ಜಂಬವೂ ಇದೆ, ಅದನ್ನು ಒಪ್ಪಿಕೊಳ್ಳಬೇಕು. ‘ಉಳ ಮುಟ್ಬುಡ್ತು’ ಎಂಬಲ್ಲಿ ‘ರೇಷ್ಮೆ ಹುಳುಗಳ ನಿರಂತರ ಸಂಪರ್ಕದಿಂದ ಉಸಿರಾಟದ ತೊಂದರೆ ಉಂಟಾಯಿತು’ ಎಂದು ಬರೆದೆ. ಓದಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು.

ಎರಡು ತಿಂಗಳ ಮೇಲೆ ಮೂರನೆಯ ವೈದ್ಯರಿಂದ ಫೋನ್ ಬಂತು. ಒಬ್ಬರು ಆಸ್ತಮಾ ಎಂದು ಬರೆದಿದ್ದರು, ಇನ್ನೊಬ್ಬರು ಪಾರ್ಶ್ವವಾಯು.

“ನೀವೇ ಬರೆದಿದ್ದೀರಿ, ರೆಪ್ಪೆ ಎತ್ತಕ್ಕಾಗ್ತಿರಲಿಲ್ಲ ಅಂತ. ಆಸ್ತಮಾದಲ್ಲಿ ರೆಪ್ಪೆ ಯಾಕ್ರೀ ಜೋಲುತ್ತೆ?” ಎಂದರು.

“ಸುಸ್ತಿಗಿರಬಹುದು ಸರ್.”

“ಸುಸ್ತಾದವರೆಲ್ಲರ ರೆಪ್ಪೆ ಜೋತುಬಿದ್ದರೆ ನಮ್ಮ ಆಸ್ಪತ್ರೆಯಲ್ಲಿ ಯಾರ ಕಣ್ಣೂ ಕಾಣ್ತಿರಲಿಲ್ಲ. ಅವರ ತಾಯಿ ಏನು ಹೇಳಿದರು? ಅವರ ಬಾಯಿಂದ ಬಂದ ಮಾತನ್ನೇ ಹೇಳಿ.”

ನೆನಪಿಲ್ಲ ಸರ್ ಎಂದೆ. ನೆನಪಿತ್ತು. ತಿದ್ದಿ ಬರೆದಿದ್ದೇನೆ ಎಂದು ಹೇಳಲು ಹೆದರಿಕೆಯಾಯಿತು. ಕೆಲಸ ವರ್ಷ ವರ್ಷಕ್ಕೂ ಮುಂದುವರಿಸುವ ಗುತ್ತಿಗೆಯದು. ಫೋನಿಟ್ಟ ಮೇಲೆ ಆ ವೈದ್ಯರನ್ನೇ ಬೈದುಕೊಂಡೆ. ಹುಳು ಮನೆಯ ವಾಸನೆ ಒಂದು ದಿನವಾದರೂ ಕುಡಿದಿದ್ದಾರಾ ಇವರು, ನನಗೆ ಹೇಳಿಕೊಡುತ್ತಾರೆ, ಎಂದು.

ಮೂರು ದಿನ ಬಿಟ್ಟು ಬೆಳಿಗ್ಗೆ ಬೈರಾಪಟ್ಟಣಕ್ಕೆ ಬೇರೊಂದು ಮನೆಯ ಕೆಲಸಕ್ಕೆ ಹೋಗಿದ್ದೆ. ಮಾತಾಡಬೇಕಾದವರು ಇನ್ನೂ ತೋಟದಿಂದ ಬಂದಿರಲಿಲ್ಲ. ಪಕ್ಕದ ಮನೆಯ ರೈತರೊಬ್ಬರು, ಐವತ್ತರ ಮೇಲಿನವರು, ಖಾಲಿ ಕೊಟ್ಟಿಗೆಯ ಮುಂದೆ ಕೂತು ಹಲ್ಲುಕಡ್ಡಿ ಆಡಿಸುತ್ತಿದ್ದರು. ಹೊತ್ತು ಕಳೆಯಲೆಂದು, ಹಸು ಮಾರಿಬಿಟ್ಟಿರಾ ಎಂದು ಕೇಳಿದೆ.

“ಎಲ್ ಮಾರದು ಮೇಡಂ. ವೋದ ತಿಂಗ್ಳು ಉಳ ಮುಟ್ತು. ಬೆಳಿಗ್ಗೆ ಬಂದ್ ನೋಡುದ್ರೆ ಕಾಲ್ ಚಾಚ್ಬುಟ್ಟಿತ್ತು.”

“ಹಸು ಹುಳು ಮನೆಗೆ ಯಾಕೆ ಹೋಗಿತ್ತು?”

ಅವರು ಹಲ್ಲುಕಡ್ಡಿ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು.

“ರೇಸ್ಮೆ ಉಳ ಅಸಿನ್ ಮುಟ್ಟಿ ಸಾಯಿಸ್ತದಾ ಮೇಡಂ? ನೀವ್ ಎಲ್ಲಿಯೋರು? ಉಳ ಅಂದ್ರೆ...” ಎಂದು ಅತ್ತಿತ್ತ ನೋಡಿ, ನೆಲದ ಮೇಲೆ ಬೆರಳಿನಲ್ಲಿ ಉದ್ದಕ್ಕೆ ಅಂಕುಡೊಂಕಾಗಿ ಗೆರೆ ಎಳೆದರು. “ಅದು. ಎಸ್ರೇಳುದ್ರೆ ಕರ್ದಂಗಾಯ್ತದೆ ಅಂತ ಯೋಳಾಕಿಲ್ಲ. ಅದು ಕಚ್ತು ಅಂತ್ಲೂ ಅನ್ನಾಕಿಲ್ಲ. ಮುಟ್ತು ಅಂತೀವಿ.”

ಆ ಮಣ್ಣಿನ ಗೆರೆಯನ್ನು ನೋಡುತ್ತ ನಿಂತುಬಿಟ್ಟೆ. ನೀರು ಕುಡೀತೀರಾ ಮೇಡಂ ಎಂದು ಅವರು ಎರಡು ಸಲ ಕೇಳಿದ್ದು ಆಮೇಲೆ ಗೊತ್ತಾಯಿತು. ಹೊಟ್ಟೆನೋವು. ಜೋತ ರೆಪ್ಪೆ. ತೊದಲಿದ ನಾಲಿಗೆ. ಮೈಮೇಲೆ ಗೀರೂ ಇಲ್ಲ. ನೆಲದ ಮೇಲೆ ಮಲಗಿದ್ದವನು. ನನಗೆ ಹಾವಿನ ವಿಷದ ಬಗ್ಗೆ ತರಬೇತಿಯಲ್ಲಿ ಒಂದು ಪುಟ ಓದಿಸಿದ್ದರು, ಆ ಪುಟದಲ್ಲಿ ಇದೆಲ್ಲ ಇದೇ ಕ್ರಮದಲ್ಲಿತ್ತು.

ತಪ್ಪು ಬರೆದೆ ಎಂಬ ಭಯ ಆ ಕ್ಷಣಕ್ಕೆ ಅಷ್ಟಾಗಿ ಬರಲಿಲ್ಲ. ಬಂದದ್ದು ಸೊಸೆಯ ಮಾತು. ನಾನೇ ಅಕ್ಕ, ನಡುರಾತ್ರಿ ಒಂದ್ ಸಲ ಸೊಪ್ಪು ಆಕ್ಬೇಕಲ್ಲ. ಅದೇ ಹುಳು ಮನೆ, ಅದೇ ನೆಲ.

ಫಾರಂನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅದು ಸತ್ತವನದೇ ನಂಬರು ಎಂದು ಆಮೇಲೆ ಹೊಳೆಯಿತು. ಗಾಡಿಯ ಡಿಕ್ಕಿಯಿಂದ ನನ್ನ ಕಚ್ಚಾ ನೋಟ್‌ಬುಕ್ ತೆಗೆದು ಹಾಳೆ ಮಗುಚತೊಡಗಿದೆ. ಮನೆಗಳಲ್ಲಿ ಗೀಚಿಕೊಂಡದ್ದು ಅದರಲ್ಲಿರುತ್ತದೆ, ನೀಟು ಮಾಡುವ ಮುಂಚಿನದು. ಹುಳ ಎಂಬ ಪದ ಇನ್ನೂ ಮೂರು ಕಡೆ ಸಿಕ್ಕಿತು. ಒಂದು ಸಾವನದುರ್ಗದ ಬುಡದ ಊರು, ಒಂದು ಚನ್ನಪಟ್ಟಣದ ಕಡೆಯದು, ಒಂದು ಕನಕಪುರದ್ದೇ. ಮೂರಕ್ಕೂ ನಾನು ಚೆಂದದ ಕನ್ನಡದಲ್ಲಿ ಬೇರೆ ಏನೇನೋ ಬರೆದಿದ್ದೆ.

ಮೇಲ್ವಿಚಾರಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೆಟ್ಟ ಮನುಷ್ಯರಲ್ಲ ಅವರು. ಬೈಯಲೂ ಇಲ್ಲ. ಅದೇ ಇನ್ನೂ ಹೆದರಿಸಿತು.

“ಮೊದಲು ನೀವು ಆ ಮನೆಗಳಿಗೆ ಹೋಗಬೇಡಿ. ನೀವು ಹೋಗಿ ಹಾವು ಅಂದ್ರೆ, ನಾಳೆ ಅವರೂ ಹಾವು ಅಂತಾರೆ. ಅದು ಅವರ ಉತ್ತರ ಆಗಲ್ಲ, ನಿಮ್ಮದಾಗುತ್ತೆ. ಬೇರೆಯವರನ್ನ ಕಳಿಸಿ ಹೊಸದಾಗಿ ಕೇಳಿಸೋಣ. ಅನುಮತಿ ಬರಕ್ಕೆ ಒಂದು ವಾರ ಹಿಡಿಯುತ್ತೆ.”

“ಸರ್, ಆ ಹೆಂಗಸು ಅಲ್ಲೇ ಮಲಗ್ತಾಳೆ.”

“ಎರಡು ತಿಂಗಳಿಂದ ಮಲಗ್ತಿದ್ದಾಳಲ್ಲ. ಒಂದು ವಾರ ತಾನೆ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕೆಲಸವೇ ಅದು, ನಮ್ಮ ಮಾತು ಅವರ ಬಾಯಿಗೆ ಹೋಗದಂತೆ ನೋಡಿಕೊಳ್ಳುವುದು. ನಾನು ಒಂದು ಸಲ ಅದನ್ನು ಮುರಿದೇ ಈ ಗತಿಯಾಗಿತ್ತು. ಈಗ ಗೊತ್ತಿದ್ದೂ ಗೊತ್ತಿದ್ದೂ ಇನ್ನೊಂದು ಸಲ ಮುರಿಯಬೇಕೇ? ಗಾಡಿಯ ಮೇಲೆ ಕೂತು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಒಂದೈದು ನಿಮಿಷ ಹಾಗೇ ಇದ್ದೆ. ಅವಳು ಸತ್ತರೆ ಫಾರಂ ತುಂಬಲು ಯಾರೋ ಬರುತ್ತಾರೆ, ಆಗ ಸರಿಯಾಗಿ ತುಂಬುತ್ತಾರೆ, ದೇಶದ ಲೆಕ್ಕ ಒಂದು ಕೂದಲೆಳೆಯಷ್ಟು ಸರಿಹೋಗುತ್ತದೆ. ಈ ಯೋಚನೆ ಬಂದದ್ದೇ ಗಾಡಿ ಸ್ಟಾರ್ಟ್ ಮಾಡಿದೆ.

ಚನ್ನಪಟ್ಟಣಕ್ಕೆ ಬಂದು ಸಾತನೂರು ದಾರಿ ಹಿಡಿದೆ. ಅಷ್ಟು ಜೋರಾಗಿ ನಾನು ಯಾವತ್ತೂ ಗಾಡಿ ಓಡಿಸಿಲ್ಲ. ದಾರಿಯುದ್ದಕ್ಕೂ ಹುಳುವಿನ ದಿನ ಎಣಿಸುತ್ತಿದ್ದೆ. ಅವತ್ತು ಹೋದಾಗ ಹುಳು ಎರಡನೇ ಜ್ವರದಲ್ಲಿತ್ತು. ಆ ಬೆಳೆ ಮುಗಿದು, ಮನೆ ತೊಳೆದು, ಹೊಸ ಮರಿ ತಂದು, ಅದೂ ಮುಗಿದು... ಎಷ್ಟು ಸಲ ಎಣಿಸಿದರೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಈಗ ಹುಳು ದೊಡ್ಡದಾಗಿರುವ ಹೊತ್ತು. ಅವಳು ಮನೆಯೊಳಗೆ ಮಲಗಿರುವ ಮಾತೇ ಇಲ್ಲ, ಹುಳು ಮನೆಯಲ್ಲೇ ಇರುತ್ತಾಳೆ. ತಿರುವಿನಲ್ಲಿ ಒಂದು ಹಗ್ಗದ ತುಂಡು ಬಿದ್ದಿತ್ತು, ಅದಕ್ಕೆ ಬೆಚ್ಚಿ ಗಾಡಿ ಹೊಲಕ್ಕೆ ಇಳಿಸುವುದರಲ್ಲಿದ್ದೆ.

ಊರು ಮುಟ್ಟಿದಾಗ ಹನ್ನೆರಡು ದಾಟಿತ್ತು. ಅಜ್ಜಿ ಜಗಲಿಯ ಮೇಲಿದ್ದಳು. ಒಬ್ಬಳೇ.

“ಸೊಸೆ ಎಲ್ಲಿ ಅಜ್ಜಿ?”

“ಮಲ್ಗವ್ಳೆ.”

ಹುಳು ಮೇಯುವ ದಿನಗಳಲ್ಲಿ ಹಗಲು ಹನ್ನೆರಡಕ್ಕೆ ಯಾರೂ ಮಲಗುವುದಿಲ್ಲ. “ಹೊಟ್ಟೆನೋವು ಅಂದಳಾ?” ಎಂದೆ. ಅಜ್ಜಿ ಏನೋ ಹೇಳುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಸಮೇತ ಹಿಂದಕ್ಕೆ ಓಡಿದೆ. ಹುಳು ಮನೆಯ ಪರದೆ ಸರಿಸಿದರೆ ಒಳಗೆ ಕತ್ತಲು, ತಣ್ಣನೆಯ ಸೊಪ್ಪಿನ ವಾಸನೆ, ಹುಳು ಸೊಪ್ಪು ತಿನ್ನುವ ಸಣ್ಣ ಸದ್ದು. ತಟ್ಟೆಗಳ ಸಾಲಿನ ಕೊನೆಯಲ್ಲಿ, ಗೋಡೆಗೆ ಒತ್ತಿಕೊಂಡು ಚಾಪೆ. ಚಾಪೆಯ ಮೇಲೆ ಅವಳು. ಮೂಗು ಬಾಯಿ ಮುಚ್ಚುವ ಹಾಗೆ ಟವೆಲ್ ಕಟ್ಟಿಕೊಂಡಿದ್ದಳು. ನಾನು ಹೇಳಿದ್ದೆನಲ್ಲ.

ಹೆಸರು ಹಿಡಿದು ಕೂಗಿದೆ. ಅಲುಗಲಿಲ್ಲ. ಹತ್ತಿರ ಹೋಗಲು ಹೆದರಿ ಪರದೆಯ ಬಳಿಯೇ ನಿಂತೆ. ಇನ್ನೊಂದು ಸಲ ಕಿರುಚಿದೆ. ಅವಳು ದಡಬಡಿಸಿ ಎದ್ದು ಟವೆಲ್ ಕೆಳಗೆಳೆದಳು. ಎರಡು ಕಣ್ಣೂ ಅಗಲವಾಗಿ ತೆರೆದಿದ್ದವು. ರೆಪ್ಪೆ ಸರಿಯಾಗಿತ್ತು.

“ಏನಕ್ಕ ಇಂಗ್ ಅರ್ಚ್ಕೊಳ್ಳದು! ರಾತ್ರಿಯೆಲ್ಲ ಸೊಪ್ಪು ಆಕಿ ಈಗ್ ತಾನೆ ಕಣ್ ಮುಚ್ಚಿದ್ದೆ” ಎಂದು ಸಿಡುಕಿದಳು.

ಅವಳ ಕೈ ಹಿಡಿದು ಹೊರಕ್ಕೆ ಎಳೆದುಕೊಂಡು ಬಂದೆ. ಅಂಗಳದ ಬಿಸಿಲಿಗೆ ಬಂದ ಮೇಲೆ ಅಲ್ಲೇ ಕೂತೆ. ಅಳು ಬಂತು. ಯಾವ ಸಮೀಕ್ಷೆಯವಳೂ ಅಳಬಾರದು, ಅದೂ ನಿಯಮ.

ಅಜ್ಜಿಗೆ ಹೇಳಿದೆ. ನಿಮ್ಮ ಮಾತು ನನಗೆ ಅರ್ಥವಾಗಿರಲಿಲ್ಲ, ರೇಷ್ಮೆ ಹುಳ ಅಂದುಕೊಂಡು ಉಬ್ಬಸ ಎಂದು ಬರೆದುಬಿಟ್ಟೆ, ಎಂದು. ಅವಳು ನನ್ನ ಮುಖ ನೋಡಿದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

“ಸಾಬ್ರುಡ್ಗಿ, ನಿಂಗ್ ಎಂಗ್ ಗೊತ್ತಾದಾತು ಬುಡು” ಎಂದಳು. ಆಮೇಲೆ, “ಆದ್ರೂವೆ ಅವತ್ತೇ ಯೋಳುದ್ನಲ್ಲವ್ವ. ಬರ್ಕೊಂಡೋದೆ. ಉತ್ತುಕ್ ತನಿ ಎರ್ದಿದ್ದೊ, ನೀನೂ ಬರ್ಕೊಂಡೋಗಿದ್ದೆ. ಸರ್ಕಾರ್ದೋರು ಬಂದು ಏನಾರ ಮಾಡ್ತಾರೆ ಅಂದ್ಕೊಂಡೊ.”

ಹುತ್ತಕ್ಕೆ ಎರೆದ ಹಾಲು, ನಾನು ತುಂಬಿಸಿಕೊಂಡು ಹೋದ ಫಾರಂ. ಇವೆರಡನ್ನೂ ನಂಬಿ ಒಬ್ಬ ಹೆಂಗಸು ಎರಡು ತಿಂಗಳು ಆ ನೆಲದ ಮೇಲೆ ಮಲಗಿದ್ದಳು.

ಊರಿನವರೊಬ್ಬರ ಬಳಿ ಕನಕಪುರದ ಹಾವು ಹಿಡಿಯುವವರ ನಂಬರಿತ್ತು. ಒಂದು ಗಂಟೆಯ ಮೇಲೆ ಬಂದರು. ಪರದೆ ತೆಗೆಸಿ ಬೆಳಕು ಬಿಡಿಸಿದರು. ಚಾಪೆಯ ತಲೆಭಾಗದಲ್ಲಿ, ಒಂದು ಮೊಳ ಆಚೆಗೆ, ಸೊಪ್ಪು ಒಣಗದಿರಲೆಂದು ಹೊದಿಸುವ ಗೋಣಿ ತಾಟುಗಳ ರಾಶಿ ಇತ್ತು. ಮೇಲಿನವು ದಿನವೂ ಕೈಗೆ ಬರುವಂಥವು, ತಳದಲ್ಲಿದ್ದವು ಹಳೆಯವು, ಯಾರೂ ಮುಟ್ಟದವು. ಉದ್ದನೆಯ ಕೊಕ್ಕೆಯಿಂದ ಒಂದೊಂದೇ ಎತ್ತಿ ಪಕ್ಕಕ್ಕೆ ಹಾಕಿದರು. ನಾವೆಲ್ಲ ಬಾಗಿಲ ಬಳಿ ನಿಂತಿದ್ದೆವು. ಕೊನೆಯದರ ಕೆಳಗೆ, ಗೋಡೆಯ ಬುಡದ ಇಲಿ ಬಿಲದ ಬಾಯಲ್ಲಿ, ಸುರುಳಿ ಸುತ್ತಿಕೊಂಡು ಅದು ಮಲಗಿತ್ತು. ಕರಿ ಮೈ, ಮೇಲೆ ಬಿಳಿ ಪಟ್ಟೆ. ಹಗಲಿನ ಬೆಳಕು ಬಿದ್ದರೂ ತಲೆಯನ್ನು ಸುರುಳಿಯೊಳಗೆ ಬಚ್ಚಿಟ್ಟುಕೊಂಡಿತೇ ಹೊರತು ಬುಸ್ ಎನ್ನಲಿಲ್ಲ.

“ಕಟ್ಟಾವು” ಎಂದರು ಅವರು. “ಅಗ್ಲೊತ್ನಲ್ಲಿ ಇದ್ರಷ್ಟ್ ಪಾಪದ್ದು ಇಲ್ಲ. ರಾತ್ರಿ ಆದ್ರೆ ಬ್ಯಾರೆ. ನೆಲ್ದ್ ಮ್ಯಾಲೆ ಮಲ್ಗಿರೋರ ಪಕ್ಕಕ್ಕೆ ಬತ್ತದೆ. ಕಚ್ಚುದ್ರೆ ಸೊಳ್ಳೆ ಕಚ್ದಷ್ಟೂ ಗೊತ್ತಾಗಾಕಿಲ್ಲ, ಗುರ್ತೂ ಇರಾಕಿಲ್ಲ. ಬೆಳಿಗ್ಗೆ ವೊಟ್ಟೆನೋವು ಅಂತಾರೆ.”

ಸೊಸೆ ಚಾಪೆಯನ್ನೇ ನೋಡುತ್ತಿದ್ದಳು. ಒಂದು ಸಲ ತನ್ನ ತಲೆ ಮುಟ್ಟಿಕೊಂಡಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ಅತ್ತಳು. ಗಂಡ ಸತ್ತಾಗಲೂ ಇವಳು ಅತ್ತಿರಲಿಲ್ಲ ಎಂದು ಅಕ್ಕಪಕ್ಕದ ಹೆಂಗಸರು ಆಮೇಲೆ ಹೇಳಿದರು.

ಹಾವನ್ನು ಚೀಲಕ್ಕೆ ಹಾಕಿಕೊಂಡು ಅವರು ಕಾಡಿನ ಕಡೆ ಹೋದರು. ಬಿಲಕ್ಕೆ ಜಲ್ಲಿ ಸಿಮೆಂಟು ಹಾಕಲು ಊರಿನ ಗಾರೆಯವರು ಬಂದರು. ಪಕ್ಕದ ಮನೆಯಿಂದ ಒಂದು ಮಂಚ, ಒಂದು ಸೊಳ್ಳೆಪರದೆ ಬಂತು. ಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಹೇಗೆ ಸಿಕ್ಕಿಸಬೇಕು ಎಂದು ನಾನೇ ತೋರಿಸಿಕೊಟ್ಟೆ. ಬೆಳಗಿನ ಹೊಟ್ಟೆನೋವಿಗೆ ಸೋಡಾ ಬೇಡ, ಬೇರು ಬೇಡ, ನೇರ ದೊಡ್ಡಾಸ್ಪತ್ರೆಗೆ ಎಂದು ಮೂರು ಸಲ ಹೇಳಿಸಿದೆ. ಇಷ್ಟೆಲ್ಲ ಸಲಹೆ ಕೊಟ್ಟ ಮೇಲೆ ಕೆಲಸ ಉಳಿಯುವುದು ಅನುಮಾನ ಎನ್ನಿಸಿತು. ಆ ಭಯ ಬೇರೆ, ಅದಕ್ಕೆ ಆಮೇಲೆ ಹೆದರೋಣ ಎಂದುಕೊಂಡೆ.

ಹೊರಡುವ ಮುಂಚೆ ಹೊಸ ಫಾರಂ ತೆಗೆದೆ. ಹಾವು ಸಿಕ್ಕ ಮೇಲೆ ಕೇಳಿ ಬರೆದದ್ದು ಎಂದು ಮೇಲ್ಗಡೆಯೇ ದಪ್ಪಕ್ಷರದಲ್ಲಿ ಬರೆದೆ. ಇದನ್ನು ಆಫೀಸಿನವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಈ ಸಲ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಬಿದ್ದಿದ್ದನೇ? ಇಲ್ಲ. ಸುಟ್ಟುಕೊಂಡಿದ್ದನೇ? ಇಲ್ಲ. ನಾಯಿ ಕಚ್ಚಿತ್ತೇ? ಇಲ್ಲ. ಮುಂದಿನ ಸಾಲಿಗೆ ಬಂದು ನಿಂತೆ. ಅವಳು ಹೇಳಬಾರದ ಹೆಸರು ಅದು. ಬೇರೆ ಹೇಗೆ ಕೇಳುವುದೆಂದು ಯೋಚಿಸುತ್ತಿದ್ದೆ.

ಅಜ್ಜಿಗೆ ತಿಳಿಯಿತು. ಎಲೆಯಡಿಕೆ ಚೀಲವನ್ನು ಪಕ್ಕಕ್ಕಿಟ್ಟಳು. ಹುಳು ಮನೆಯ ಕಡೆ ಒಂದು ಸಲ ನೋಡಿದಳು, ಸೊಸೆಯ ಕಡೆ ಒಂದು ಸಲ.

“ಆವು” ಎಂದಳು.

ಸೊಸೆ “ಅತ್ತೆ...” ಎಂದು ತಡೆಯಲು ಹೋದಳು.

“ನೀ ಸುಮ್ಕಿರು. ಬರ್ಕೊ ಕಣವ್ವ. ಆವು. ಆವು ಅಂತ್ಲೇ ಬರ್ಕೊ. ನನ್ ಮಗುನ್ನ ಆವು ಕಚ್ತು. ಆವು ಕಚ್ಚಿ ಸತ್ತ ನನ್ ಮಗ.”

ಬರೆದುಕೊಂಡೆ. ಅವಳು ಹೇಳಿದಂತೆಯೇ, ಹಕಾರವನ್ನೂ ಸೇರಿಸದೆ. ಇದೇನು ಎಂದು ಯಾರಾದರೂ ಕೇಳಿದರೆ ಕೇಳಲಿ.

ಬರೆದದ್ದನ್ನು ಓದಿ ಹೇಳಿದೆ. ಅಜ್ಜಿ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು.

“ಬ್ಯಾರೇರ್ ಮನೇಲೂ ಇಂಗೇ ಬರ್ಕೊಂಡಿದ್ದೀಯಾ?”

“ಇನ್ನೂ ಮೂರು ಮನೆ ಅಜ್ಜಿ.”

“ಅಲ್ಲೂ ಯಾರಾರ ನೆಲ್ದ್ ಮ್ಯಾಲೆ ಮಲ್ಗವ್ರಾ?”

“ಗೊತ್ತಿಲ್ಲ ಅಜ್ಜಿ. ನಾನು ಕೇಳಲಿಲ್ಲ.”

“ಮತ್ಯಾಕ್ ಇಲ್ ಕುಂತಿದ್ದೀಯ? ಎದ್ದೋಗು.”